ಚೆಂಡು ಬಿಡು ಮಾರಾಯ!

ಕಂಪ್ಯೂಟರ್ ಎದುರು ಆಡುವ ಬ್ಯಾಸ್ಕೆಟ್‌ಬಾಲ್ ವಿಡಿಯೋ ಗೇಮಿನಲ್ಲಿ ಅಂಗಳದ ಮೇಲೆ ಓಡಾಡುವವರು ಹತ್ತು ಜನ. ಆ ಹತ್ತರಲ್ಲಿ ಒಂಬತ್ತು ಜನಕ್ಕೆ ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು, ಯಾರಿಗೆ ಅಡ್ಡ ನಿಲ್ಲಬೇಕು ಎಂಬುದೆಲ್ಲ ಚೆನ್ನಾಗಿ ಗೊತ್ತಿರುತ್ತದೆ. ಏನೂ ಗೊತ್ತಿಲ್ಲದವನು ಒಬ್ಬನೇ ಒಬ್ಬ. ಅವನನ್ನು ಆಡಿಸುತ್ತಿರುವುದು ಮನುಷ್ಯ. ಆ ಮನುಷ್ಯ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಕೋಡುಬಳೆಯ ತಟ್ಟೆ ಇಟ್ಟುಕೊಂಡು, ಎಣ್ಣೆಗೈಯಲ್ಲೇ ಕಂಟ್ರೋಲರ್ ಹಿಡಿದಿರುತ್ತಾನೆ. ನಮ್ಮ ಬಳಗದ ಮಟ್ಟಿಗೆ ಹೇಳುವುದಾದರೆ ಅವನು ನನ್ನ ಭಾವಮೈದ.

ಭಾವಮೈದನಿಗೆ ನ್ಯೂಜೆರ್ಸಿಯ ಎಡಿಸನ್ ಕಡೆ ಮನೆ. ಹಗಲೆಲ್ಲ ಆಫೀಸಿನಲ್ಲಿ ಹುಡುಗರನ್ನು ಮುಂದೆ ಕೂರಿಸಿಕೊಂಡು ಟೀಮ್‌ವರ್ಕ್ ಅಂದರೆ ಏನು, ಪ್ರೋಸೆಸ್ ಅಂದರೆ ಏನು ಎಂದು ಪಾಠ ಹೇಳುವುದೇ ಅವನ ಸಂಬಳದ ಕೆಲಸ. ‘ಒಬ್ಬನೇ ಹೀರೋ ಆಗೋಕೆ ಹೋಗಬೇಡಿ, ಸಿಸ್ಟಮ್ ನಂಬಿ’ ಎನ್ನುವುದು ಅವನ ನಿತ್ಯಪಾರಾಯಣ. ಯುಗಾದಿಯೋ ದೀಪಾವಳಿಯೋ ಯಾರದೋ ಮಗುವಿನ ಹುಟ್ಟುಹಬ್ಬವೋ, ನೆಪ ಯಾವುದೇ ಇರಲಿ, ಪಾಟ್‌ಲಕ್‌ನ ಬಿಸಿಬೇಳೆಬಾತ್ ಮುಗಿಸಿದ ಗಂಡಸರೆಲ್ಲ ಬೇಸ್‌ಮೆಂಟಿಗೆ ಇಳಿಯುತ್ತಾರೆ. ಅಲ್ಲಿ ಹಳೆಯ ಪ್ಲೇಸ್ಟೇಷನ್ 3 ಇದೆ. ಅದರೊಳಗೆ ಒಂದು ಡಿಸ್ಕ್ ಇದೆ. ಆ ಡಿಸ್ಕ್ ತಿರುಗಲು ಶುರುವಾಯಿತೆಂದರೆ ಹಗಲಿನ ಉಪದೇಶವೆಲ್ಲ ಮೆಟ್ಟಿಲ ಮೇಲೆಯೇ ಉಳಿಯುತ್ತದೆ.

ಡಿಸ್ಕಿನ ಹೆಸರು ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್ 10. ಎನ್‌ಸಿಎಎ ಅಂದರೆ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ. ಇಎ ಸ್ಪೋರ್ಟ್ಸ್ ಕಂಪನಿ 2009ರ ನವೆಂಬರಿನಲ್ಲಿ ಬಿಟ್ಟ ಆಟ. ಮುಖಪುಟದಲ್ಲಿ ಒಕ್ಲಹೋಮದ ಆಟಗಾರ ಬ್ಲೇಕ್ ಗ್ರಿಫಿನ್. ಕಾಮೆಂಟರಿಗೆ ಡಿಕ್ ವೈಟಾಲ್ ಇದ್ದಾನೆ. ಅವನ ಕೂಗಿಗೆ ಮೇಲಿನ ಮಹಡಿಯಲ್ಲಿ ಕಾಫಿ ಸೋಸುತ್ತಿರುವ ಹೆಂಗಸರು ಕೂಡ ಒಮ್ಮೆ ಬೆಚ್ಚುತ್ತಾರೆ. ಇದಕ್ಕೆ ಪೈಪೋಟಿಯಾಗಿದ್ದ ಇನ್ನೊಂದು ಆಟ 2ಕೆ ಕಂಪನಿಯ ಕಾಲೇಜ್ ಹೂಪ್ಸ್ 2ಕೆ8. 2007ರಲ್ಲಿ ಬಂದ ಅದೇ ಆ ಸರಣಿಗೆ ಕೊನೆಯದಾಯಿತು. ಇಎಯದೂ ಈ 10ಕ್ಕೇ ನಿಂತುಹೋಯಿತು. ಹಾಗಾಗಿ ಕಾಲೇಜು ಬ್ಯಾಸ್ಕೆಟ್‌ಬಾಲಿನ ಹುಚ್ಚು ಇರುವವರೆಲ್ಲ ಇಂದಿಗೂ ಹಳೆಯ ಯಂತ್ರದ ಧೂಳು ಹೊಡೆದು, ಊದಿ, ತಟ್ಟಿ ಇವೆರಡರಲ್ಲಿ ಒಂದನ್ನು ಆಡುತ್ತಿರುತ್ತಾರೆ.

ಇಎಯ ಈ ಆಟವನ್ನು ಮಾಡಿದವರು ಪಾಪ ಬಹಳ ಶ್ರದ್ಧೆಯಿಂದ ಒಂದು ಕೆಲಸ ಮಾಡಿದ್ದರು. ಕಾಲೇಜು ಬ್ಯಾಸ್ಕೆಟ್‌ಬಾಲಿನ ನಿಜವಾದ ಅಫೆನ್ಸ್ ಪದ್ಧತಿಗಳನ್ನು, ಅಂದರೆ ಚೆಂಡು ಕೈಯಲ್ಲಿದ್ದಾಗ ಆಡುವ ಕ್ರಮಗಳನ್ನು, ಒಳಗೆ ತುಂಬಿದ್ದರು. ವೃತ್ತಿಪರರ ಲೀಗ್ ಆದ ಎನ್‌ಬಿಎ ಬೇರೆ, ಕಾಲೇಜು ಬೇರೆ. ಎನ್‌ಬಿಎಯಲ್ಲಿ ಸ್ಟಾರ್ ಆಟಗಾರನೇ ದೇವರು. ಅವನಿಗೆ ಸರಿಬೀಳದಿದ್ದರೆ ಕೋಚೇ ಗಂಟುಮೂಟೆ ಕಟ್ಟಬೇಕು. ಕಾಲೇಜಿನಲ್ಲಿ ಹುಡುಗರು ಬರುತ್ತಾರೆ, ನಾಲ್ಕು ವರ್ಷ ಇದ್ದು ಹೋಗುತ್ತಾರೆ. ತೀರಾ ಚೆನ್ನಾಗಿ ಆಡುವವನು ಒಂದೇ ವರ್ಷಕ್ಕೆ ಹೊರಟು ಹಣ ಎಣಿಸುತ್ತಾನೆ. ಕೋಚ್ ಮಾತ್ರ ಇಪ್ಪತ್ತು ಮೂವತ್ತು ವರ್ಷ ಅದೇ ಜಿಮ್‌ನಲ್ಲಿ ಸೀಟಿ ಊದುತ್ತಾ ಇರುತ್ತಾನೆ. ಆದ್ದರಿಂದ ಅಲ್ಲಿ ಉಳಿಯುವುದು ಪದ್ಧತಿ. ಆ ಆಟ ಬಂದ ಕಾಲಕ್ಕೆ ವಿಸ್ಕಾನ್ಸಿನ್ ಅಂದರೆ ಕೋಚ್ ಬೋ ರಯಾನನ ಸ್ವಿಂಗ್. ಮೇರಿಲ್ಯಾಂಡ್ ಅಂದರೆ ಗ್ಯಾರಿ ವಿಲಿಯಮ್ಸನ ಫ್ಲೆಕ್ಸ್. 2002ರಲ್ಲಿ ಅವರು ರಾಷ್ಟ್ರೀಯ ಚಾಂಪಿಯನ್ ಆದಾಗ ಆಡಿದ್ದು ಅದನ್ನೇ. ಕ್ಯಾನ್ಸಸ್ ಅಂದರೆ ಬಿಲ್ ಸೆಲ್ಫನ ಹೈ-ಲೋ. ಹುಡುಗರ ಮುಖ ಬದಲಾದರೂ ಓಟದ ದಾರಿ ಬದಲಾಗುವುದಿಲ್ಲ.

ಆಟದಲ್ಲಿ ನಿಮ್ಮ ಕಾಲೇಜಿಗೆ ಒಂದು ಪದ್ಧತಿಯನ್ನು ಆರಿಸಿಕೊಂಡಿರೆಂದರೆ ಸಾಕು. ಚೆಂಡಿಲ್ಲದ ನಾಲ್ವರೂ ತಾವಾಗಿಯೇ ಆ ಪ್ರಕಾರ ಓಡುತ್ತಾರೆ. ಒಬ್ಬ ಹೋಗಿ ಸ್ಕ್ರೀನ್ ಹಾಕುತ್ತಾನೆ, ಅಂದರೆ ಎದುರಾಳಿಯ ದಾರಿಗೆ ಗೋಡೆಯ ಹಾಗೆ ನಿಲ್ಲುತ್ತಾನೆ. ಇನ್ನೊಬ್ಬ ಆ ಗೋಡೆಯ ಮರೆಯಲ್ಲಿ ಬುಟ್ಟಿಯ ಕಡೆಗೆ ನುಗ್ಗುತ್ತಾನೆ. ಮೂರನೆಯವನು ಮೂಲೆಗೆ ಸರಿದು ಜಾಗ ಖಾಲಿ ಮಾಡುತ್ತಾನೆ. ನಾಲ್ಕನೆಯವನು ಮೇಲಕ್ಕೆ ಬಂದು ‘ಇಲ್ಲಿದ್ದೀನಿ, ಕೊಡು’ ಎಂದು ಕೈ ತೋರಿಸುತ್ತಾನೆ. ಐದನೆಯವನ ಹತ್ತಿರ ಚೆಂಡಿದೆ. ಐದನೆಯವನು ಅಂದರೆ ನಾವು.

ನಾವು ಏನು ಮಾಡುತ್ತೇವೆ? ಟರ್ಬೊ ಗುಂಡಿ ಅದುಮಿ ಹಿಡಿದು ಮೂವರು ಎದುರಾಳಿಗಳ ಮಧ್ಯೆ ನುಗ್ಗುತ್ತೇವೆ.

‘ಅಲ್ಲಪ್ಪಾ, ಮೂಲೇಲಿ ಒಬ್ಬ ಆಗಿನಿಂದ ಕೈ ಎತ್ತಿಕೊಂಡು ನಿಂತಿದ್ದಾನಲ್ಲ, ಅವನಿಗೆ ಕೊಡಬಾರದಾ?’ ಎಂದು ಕೇಳಿದೆ ಒಮ್ಮೆ.

‘ಅವನು ಸುಮ್ನೆ ನಿಂತಿದ್ದಾನೆ ಭಾವ, ಪ್ರೋಗ್ರಾಂ ಮಾಡಿದ್ದಾರೆ ಹಾಗೆ.’

‘ನೀನು ಕೊಡ್ತೀಯ ಅಂತ ತಾನೇ ಹಾಗೆ ಪ್ರೋಗ್ರಾಂ ಮಾಡಿರೋದು?’

‘ಕೊಟ್ಟರೆ ವಾಪಸ್ ಬರುತ್ತೆ ಅಂತ ಏನು ಗ್ಯಾರಂಟಿ?’

ಈ ಮಾತಿನ ಸೊಗಸು ನೋಡಿ. ನಿಜವಾದ ಅಂಗಳದಲ್ಲಿ ಈ ಭಯಕ್ಕೆ ಅರ್ಥವಿದೆ. ಪಾಸ್ ಕೊಟ್ಟವನ ಕೈ ಖಾಲಿಯಾಗುತ್ತದೆ; ತೆಗೆದುಕೊಂಡವನು ತಾನೇ ಎಸೆದು ಹೆಸರು ಮಾಡಿಕೊಳ್ಳಬಹುದು, ನೆರೆದ ಸಾವಿರಾರು ಜನ ಅವನಿಗೇ ಚಪ್ಪಾಳೆ ತಟ್ಟಬಹುದು. ಆದರೆ ವಿಡಿಯೋ ಗೇಮಿನಲ್ಲಿ? ಗುಂಡಿ ಒತ್ತಿ ಪಾಸ್ ಕೊಟ್ಟ ಮರುಕ್ಷಣ ನೀವೇ ಆ ಇನ್ನೊಬ್ಬನಾಗಿರುತ್ತೀರಿ! ಚೆಂಡು ಎಲ್ಲಿಗೆ ಹೋದರೂ ನಿಮ್ಮ ಹೆಬ್ಬೆರಳು ಅದರ ಹಿಂದೆಯೇ ಹೋಗುತ್ತದೆ. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲ. ಜಗತ್ತಿನಲ್ಲಿ ಇಷ್ಟು ಅಗ್ಗದ ಔದಾರ್ಯ ಇನ್ನೆಲ್ಲೂ ಸಿಕ್ಕದು: ಕೊಟ್ಟವನೂ ನೀವೇ, ಪಡೆದವನೂ ನೀವೇ. ಅಷ್ಟಾದರೂ ಕೊಡುವುದಕ್ಕೆ ಕೈ ಬರುವುದಿಲ್ಲ. ತನಗೆ ತಾನೇ ಕೊಟ್ಟುಕೊಳ್ಳಲೂ ಹಿಂದೆಮುಂದೆ ನೋಡುವ ಈ ಜಿಪುಣತನಕ್ಕೆ ಯಾವ ಮನಶ್ಶಾಸ್ತ್ರಜ್ಞನ ಬಳಿ ಮದ್ದಿದೆಯೋ ನಾ ಕಾಣೆ.

ಇನ್ನು ಪ್ರಿನ್ಸ್‌ಟನ್ ಅಫೆನ್ಸಿನ ಕಥೆ. ಇದನ್ನು ಸ್ವಲ್ಪ ಸಾವಕಾಶವಾಗಿ ಹೇಳಬೇಕು, ಯಾಕೆಂದರೆ ಆ ಪದ್ಧತಿಯೇ ಸಾವಕಾಶದ್ದು.

ಪೀಟ್ ಕ್ಯಾರಿಲ್ ಎಂಬ ಕುಳ್ಳ ಮನುಷ್ಯ. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್‌ನವನು; ಅಪ್ಪ ಸ್ಪೇನಿನಿಂದ ಬಂದು ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು. ಕೆದರಿದ ಕೂದಲು, ಮುದುಡಿದ ಸ್ವೆಟರ್, ಕೈಯಲ್ಲಿ ಸಿಗಾರ್. ನೋಡಿದವರು ಕೋಚ್ ಎನ್ನುತ್ತಿರಲಿಲ್ಲ, ಬಸ್ ತಪ್ಪಿಸಿಕೊಂಡ ಮೇಷ್ಟ್ರು ಎನ್ನುತ್ತಿದ್ದರು. 1967ರಿಂದ 1996ರವರೆಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡಕ್ಕೆ ಅವನೇ ಕೋಚ್. ಪ್ರಿನ್ಸ್‌ಟನ್ ಐವಿ ಲೀಗಿನ ವಿದ್ಯಾಲಯ. ಅಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವ ಪದ್ಧತಿ ಇಲ್ಲ. ಹಾರಿ ಬುಟ್ಟಿ ಹಿಡಿಯುವ ಏಳಡಿ ಹುಡುಗರೆಲ್ಲ ಬೇರೆ ಕಡೆ ಹೋಗುತ್ತಿದ್ದರು. ಕ್ಯಾರಿಲ್‌ಗೆ ಸಿಗುತ್ತಿದ್ದದ್ದು ಕ್ಯಾಲ್ಕುಲಸ್ ಮಾಡುವ ಹುಡುಗರು. ಆ ಹುಡುಗರನ್ನೇ ಇಟ್ಟುಕೊಂಡು ಬಲಿಷ್ಠರನ್ನು ಸೋಲಿಸುವುದು ಹೇಗೆ?

ಉತ್ತರ: ಓಡಬೇಡ, ಓಡಿಸು. ಎದುರಾಳಿಗಳನ್ನು ಬುಟ್ಟಿಯ ಹತ್ತಿರದಿಂದ ಹೊರಗೆ ಎಳೆದು ತಾ. ಚೆಂಡನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ದಾಟಿಸುತ್ತಾ ಇರು. ಮೂವತ್ತು ಸೆಕೆಂಡು ಕಳೆದರೂ ಅವಸರವಿಲ್ಲ. ಕಾಯುವವನು ಬೇಸತ್ತು, ಪಾಸನ್ನು ಅಡ್ಡಗಟ್ಟಲು ಒಂದು ಹೆಜ್ಜೆ ಮುಂದೆ ಇಡುತ್ತಾನಲ್ಲ, ಆಗ ಅವನ ಬೆನ್ನ ಹಿಂದಿನಿಂದ ಸದ್ದಿಲ್ಲದೆ ಬುಟ್ಟಿಯ ಕಡೆ ಜಾರಿಬಿಡು. ನೆಲಕ್ಕೆ ಬಡಿದು ಬರುವ ಒಂದು ಬೌನ್ಸ್ ಪಾಸ್, ಬುಟ್ಟಿಯ ಪಕ್ಕದಿಂದಲೇ ಹಾಕುವ ಒಂದು ಲೇಅಪ್. ಇದನ್ನು ಬ್ಯಾಕ್‌ಡೋರ್ ಕಟ್ ಎನ್ನುತ್ತಾರೆ. ಎದುರಾಳಿಯ ಉತ್ಸಾಹವನ್ನೇ ಅವನ ವಿರುದ್ಧ ತಿರುಗಿಸುವ ಉಪಾಯ. ಎದುರಾಳಿ ಸೋಮಾರಿಯಾಗಿದ್ದರೆ ಇದು ನಡೆಯುವುದೇ ಇಲ್ಲ! ಜಾಣನನ್ನು, ಚುರುಕಾದವನನ್ನು, ಇಂದು ಪಾಸ್ ಕಸಿದೇ ತೀರುತ್ತೇನೆ ಎಂದು ಹಟ ತೊಟ್ಟವನನ್ನು ಮಾತ್ರ ಇದು ಕೆಡವುತ್ತದೆ.

1996ರ ಮಾರ್ಚ್ 14, ಇಂಡಿಯಾನಾಪೊಲಿಸ್. ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತು. ಪ್ರಿನ್ಸ್‌ಟನ್ ಎದುರು ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎ. ಪ್ರಿನ್ಸ್‌ಟನ್ ಸೀಡ್ 13, ಯುಸಿಎಲ್‌ಎ 4. ಈ ಋತು ಮುಗಿದ ಮೇಲೆ ನಿವೃತ್ತನಾಗುತ್ತೇನೆಂದು ಕ್ಯಾರಿಲ್ ಆಗಲೇ ಹೇಳಿಯಾಗಿತ್ತು. ಕೊನೆಯ ಕ್ಷಣಗಳಲ್ಲಿ 41-41. ಸ್ಟೀವ್ ಗುಡ್‌ರಿಚ್ ಕೈಯಲ್ಲಿ ಚೆಂಡು. ಗೇಬ್ ಲೆವುಲಿಸ್ ಎಂಬ ಮೊದಲ ವರ್ಷದ ಹುಡುಗ ಬ್ಯಾಕ್‌ಡೋರ್ ಹೋಗಿ ನೋಡಿದ, ದಾರಿ ಸಿಗಲಿಲ್ಲ. ಹೊರಗೆ ಬಂದ. ಇನ್ನೊಮ್ಮೆ ಹೋದ. ಈ ಸಲ ಬಾಗಿಲು ತೆರೆದಿತ್ತು. ಬೌನ್ಸ್ ಪಾಸ್ ಬಂತು, ಚೆಂಡು ಹಲಗೆಗೆ ತಾಗಿ ಒಳಗೆ ಬಿತ್ತು. 43-41. ನಲವತ್ತು ನಿಮಿಷದ ಆಟಕ್ಕೆ ಗೆದ್ದ ತಂಡದ್ದು 43 ಅಂಕ, ಅಷ್ಟರಲ್ಲೇ ಚಾಂಪಿಯನ್ನರು ಮನೆಗೆ. ಲೆವುಲಿಸ್ ಮುಂದೆ ಮೂಳೆ ಡಾಕ್ಟರಾದ. ಅಂದು ಅವನನ್ನು ಕಾಯುತ್ತಿದ್ದವನ ಹೆಸರು ಚಾರ್ಲ್ಸ್ ಓಬ್ಯಾನನ್. ಈ ಮನೆತನದ ಹೆಸರನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಕೆಲಸಕ್ಕೆ ಬರುತ್ತದೆ.

ಈಗ ನಮ್ಮವರ ವಿಷಯಕ್ಕೆ ಬರುತ್ತೇನೆ. ಎಡಿಸನ್‌ನಿಂದ ಪ್ರಿನ್ಸ್‌ಟನ್‌ಗೆ ರೂಟ್ ಒಂದರಲ್ಲಿ ಸಿಗ್ನಲ್ಲುಗಳು ಕೃಪೆ ಮಾಡಿದರೆ ಅರ್ಧ ಗಂಟೆಯ ದಾರಿ. ನಮ್ಮ ಬಳಗದಲ್ಲಿ ಮಗು ಎರಡನೇ ತರಗತಿ ಮುಟ್ಟುವ ಮೊದಲೇ ಅದನ್ನು ಆ ಕ್ಯಾಂಪಸ್ಸಿಗೆ ಕರೆದುಕೊಂಡು ಹೋಗಿ, ಐವಿ ಬಳ್ಳಿ ಹಬ್ಬಿದ ಕಟ್ಟಡದ ಮುಂದೆ ನಿಲ್ಲಿಸಿ ಫೋಟೋ ತೆಗೆಸುವುದು ಚೌಲ, ಅಕ್ಷರಾಭ್ಯಾಸದಷ್ಟೇ ಕಡ್ಡಾಯವಾದ ಸಂಸ್ಕಾರ. ಊರಿನಿಂದ ಬಂದ ಅತ್ತೆ ಮಾವಂದಿರಿಗೂ ನಯಾಗರದ ನಂತರ ಅದೇ ದರ್ಶನ. ಪ್ರಿನ್ಸ್‌ಟನ್ ಅಂದರೆ ಕೈ ಮುಗಿಯುವ ಇದೇ ಜನ ಬೇಸ್‌ಮೆಂಟಿಗೆ ಇಳಿದು ತಂಡ ಆರಿಸುವಾಗ ಏನು ಮಾಡುತ್ತಾರೆ? ಕ್ಯಾನ್ಸಸ್, ಕೆಂಟಕಿ, ನಾರ್ತ್ ಕ್ಯಾರೊಲೈನಾ, ಡ್ಯೂಕ್! ಪ್ರಿನ್ಸ್‌ಟನ್ ಹೆಸರಿನ ಮೇಲೆ ಕರ್ಸರ್ ಹೋದರೂ ಮುಳ್ಳು ತುಳಿದವರಂತೆ ಹಾರಿ ಮುಂದೆ ಹೋಗುತ್ತದೆ. ಮಗ ಸೇರಬೇಕಾದ್ದು ಪ್ರಿನ್ಸ್‌ಟನ್, ಅಪ್ಪ ಆಡಿಸುವುದು ಕ್ಯಾನ್ಸಸ್. ಹುಡುಗನಿಗೆ ಬುದ್ಧಿ ಇರಲಿ, ತನಗೆ ಮಾತ್ರ ತೋಳ್ಬಲ ಸಾಕು ಎನ್ನುವ ಈ ಹಂಚಿಕೆಯನ್ನು ಭಾವಮೈದನ ಮಗನೇ ಒಂದು ಸಲ ಎತ್ತಿ ಆಡಿದ: ‘ಮಾವ, ಅಪ್ಪ ಆಟದಲ್ಲೂ ಪ್ರಿನ್ಸ್‌ಟನ್ ಸೇರಲ್ಲ, ನನಗೆ ಮಾತ್ರ ಸೇರು ಅಂತಾರೆ.’ ಹುಡುಗ ಎಲ್ಲಿಗೆ ಸೇರುತ್ತಾನೋ ತಿಳಿಯದು, ವಕೀಲಿಕೆಗಂತೂ ಲಾಯಕ್ಕು.

ನ್ಯಾಯವಾಗಿ ಹೇಳಬೇಕಾದರೆ ತಪ್ಪು ಪೂರ್ತಿ ಇವರದಲ್ಲ. ನಿಜವಾದ ಕಾಲೇಜು ಆಟದಲ್ಲಿ ಇಪ್ಪತ್ತು ನಿಮಿಷದ ಎರಡು ಅರ್ಧ. ಬೇಸ್‌ಮೆಂಟಿನಲ್ಲಿ ಅಷ್ಟು ಹೊತ್ತು ಯಾರು ಬಿಡುತ್ತಾರೆ? ಮೇಲಿನಿಂದ ‘ಹೊರಡೋಣವಾ’ ಎಂಬ ಕೂಗು ಬಂದು, ಅದರ ನಂತರದ ಬಾಗಿಲಲ್ಲಿ ನಿಂತ ಮಾತುಕತೆಯ ಮುಕ್ಕಾಲು ಗಂಟೆಯೂ ಮುಗಿಯುವುದರೊಳಗೆ ಪಂದ್ಯ ಮುಗಿಯಬೇಕು. ಹೀಗಾಗಿ ಅರ್ಧಕ್ಕೆ ಐದೇ ನಿಮಿಷ ಇಟ್ಟುಕೊಳ್ಳುತ್ತಾರೆ. ಲೆಕ್ಕ ಹಾಕಿ: ಒಟ್ಟು 600 ಸೆಕೆಂಡು. ಎರಡೂ ತಂಡಗಳು ಪ್ರಿನ್ಸ್‌ಟನ್ ಶೈಲಿಯಲ್ಲಿ ಪ್ರತಿ ಸರದಿಗೆ ಮೂವತ್ತು ಸೆಕೆಂಡು ತೆಗೆದುಕೊಂಡರೆ ಒಬ್ಬೊಬ್ಬರಿಗೆ ಹತ್ತೇ ಸರದಿ. ಅದರಲ್ಲಿ ಅರ್ಧ ಬುಟ್ಟಿಗೆ ಬಿದ್ದರೂ ಹತ್ತು, ಹನ್ನೆರಡು ಅಂಕ. 12-10ಕ್ಕೆ ಗೆದ್ದ ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು ನೆಂಟರ ಮುಂದೆ ಹೇಳಿಕೊಳ್ಳಲು ಯಾರಿಗಾದರೂ ಮುಖವಿರುತ್ತದೆಯೇ? ತಾಳ್ಮೆಯ ಪದ್ಧತಿಯನ್ನು ಕೊಟ್ಟರು, ತಾಳ್ಮೆಗೆ ಬೇಕಾದ ಹೊತ್ತನ್ನು ಯಾರೂ ಇಟ್ಟುಕೊಳ್ಳಲಿಲ್ಲ.

ಇನ್ನೊಂದು ತೊಡಕು ಅಂಕಿಗಳದು. ಆಟದಲ್ಲಿ ಪ್ರತಿ ಹುಡುಗನಿಗೂ ವೇಗಕ್ಕಿಷ್ಟು, ಎಸೆತಕ್ಕಿಷ್ಟು, ಜಿಗಿತಕ್ಕಿಷ್ಟು ಎಂದು ಅಂಕ ಇರುತ್ತದೆ. 95ರ ವೇಗದವನು 70ರ ಡಿಫೆಂಡರನ್ನು ದಾಟಿ ಹೋಗಲು ಯಾವ ಪದ್ಧತಿ ಬೇಕು? ಕ್ಯಾರಿಲ್‌ನ ತಲೆಬಿಸಿಯೇ ತನ್ನ ಬಳಿ 95ರವನು ಇಲ್ಲ ಎನ್ನುವುದಾಗಿತ್ತು. ಸೋಫಾದ ಮೇಲೆ ಕೂತವನಿಗೆ ಆ ಕಷ್ಟವೇ ಇಲ್ಲ. ಅಂಥವನಿರುವ ತಂಡವನ್ನು ಆರಿಸಿಕೊಳ್ಳುತ್ತಾನೆ ಅಷ್ಟೆ. ಬಡತನವಿಲ್ಲದ ಮನೆಯಲ್ಲಿ ಮಿತವ್ಯಯದ ಪಾಠ ನಡೆಯದು.

ಫ್ಲೆಕ್ಸ್ ಪದ್ಧತಿಯ ಪಾಡು ಇದಕ್ಕಿಂತ ಕರುಣಾಜನಕ. ಅದು ನಿಲ್ಲದೆ ತಿರುಗುವ ಚಕ್ರ. ಬೇಸ್‌ಲೈನ್ ಬಳಿ ಒಬ್ಬ ಸ್ಕ್ರೀನ್ ಹಾಕುತ್ತಾನೆ, ಅದನ್ನು ಬಳಸಿ ಇನ್ನೊಬ್ಬ ಬುಟ್ಟಿಯ ಕೆಳಗೆ ಹೋಗುತ್ತಾನೆ, ಸ್ಕ್ರೀನ್ ಹಾಕಿದವನಿಗೇ ಮೂರನೆಯವನು ಬಂದು ಸ್ಕ್ರೀನ್ ಹಾಕಿ ಮೇಲೆ ಕಳಿಸುತ್ತಾನೆ, ಚೆಂಡು ಆ ಕಡೆ ಬದಲಾದೊಡನೆ ಇದೇ ಎಲ್ಲ ಇನ್ನೊಂದು ಬದಿಯಲ್ಲಿ ಮೊದಲಿನಿಂದ. ಮದುವೆ ಮನೆಯ ಪಂಕ್ತಿಯಲ್ಲಿ ಕೋಸಂಬರಿಯವನ ಹಿಂದೆ ಪಲ್ಯದವನು, ಪಲ್ಯದವನ ಹಿಂದೆ ಅನ್ನದವನು, ಅನ್ನದವನ ಹಿಂದೆ ತುಪ್ಪದವನು ಎಂದು ಸಾಲು ಸಾಗುತ್ತಿರುವಾಗ ಸಾರಿನ ಬಕೆಟ್ಟಿನವನು ಗುರುತಿನವರೊಬ್ಬರ ಎಲೆಯ ಮುಂದೆ ನಿಂತು ಕುಶಲ ವಿಚಾರಿಸತೊಡಗಿದರೆ ಏನಾಗುತ್ತದೆ ಹೇಳಿ. ನಮ್ಮ ಭಾವಮೈದ ಫ್ಲೆಕ್ಸ್ ಆಡಿಸುವುದು ಹಾಗೆ. ಚೆಂಡು ಹಿಡಿದು ನಡುವೆ ನಿಂತು ಕುಟ್ಟುತ್ತಿರುತ್ತಾನೆ. ಯಂತ್ರದ ನಾಲ್ವರು ಹುಡುಗರು ಅವನ ಸುತ್ತ ಸ್ಕ್ರೀನ್ ಹಾಕುತ್ತಾರೆ, ಬಿಡಿಸಿಕೊಳ್ಳುತ್ತಾರೆ, ಮತ್ತೆ ಹಾಕುತ್ತಾರೆ. ಒಂದು ಸುತ್ತು, ಎರಡು ಸುತ್ತು. ಕೊನೆಗೆ ಅವರೂ ಬೇಸತ್ತರೋ ಎಂಬಂತೆ ನಿಂತ ಹೊತ್ತಿಗೆ ಇವನು ನಾಲ್ಕು ಕೈಗಳು ಅಡ್ಡ ಇರುವಾಗಲೇ ಎಸೆಯುತ್ತಾನೆ.

ಎತ್ತಿ ಆಡಿದರೆ ಭಾವಮೈದ ಸುಮ್ಮನಿರುವ ಆಸಾಮಿಯಲ್ಲ. ಓದಿಕೊಂಡು ಬರುತ್ತಾನೆ. ‘ಭಾವ, ನಾನು ಆಡಿಸ್ತಿರೋದು ಡ್ರಿಬಲ್ ಡ್ರೈವ್. ಅದರಲ್ಲಿ ನುಗ್ಗೋದೇ ಪದ್ಧತಿ’ ಎಂದ ಮುಂದಿನ ಹಬ್ಬಕ್ಕೆ.

ಡ್ರಿಬಲ್ ಡ್ರೈವ್ ಮೋಷನ್ ಎಂಬುದು ಇದೆ, ನಿಜ. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಕಡೆಯ ವಾನ್ಸ್ ವಾಲ್‌ಬರ್ಗ್ ಎಂಬ ಕೋಚ್ ಹೈಸ್ಕೂಲು, ಸಣ್ಣ ಕಾಲೇಜಿನ ಹುಡುಗರ ಮೇಲೆ ಪ್ರಯೋಗಿಸಿ ಬೆಳೆಸಿದ್ದು. ಅವನಿಂದ ಮೆಂಫಿಸ್‌ನ ಕೋಚ್ ಜಾನ್ ಕ್ಯಾಲಿಪಾರಿ ಎತ್ತಿಕೊಂಡ. ಸ್ಕ್ರೀನ್ ಹೆಚ್ಚು ಬೇಡ, ನಾಲ್ವರು ಅಂಗಳದ ಅಂಚಿಗೆ ಹರಡಿ ನಿಲ್ಲಲಿ, ಮಧ್ಯ ಖಾಲಿಯಾಗಲಿ, ಚೆಂಡಿರುವವನು ನೇರ ಬುಟ್ಟಿಗೆ ನುಗ್ಗಲಿ. ಇಷ್ಟನ್ನು ಭಾವಮೈದ ಓದಿದ್ದಾನೆ. ಮುಂದಿನ ವಾಕ್ಯಕ್ಕೆ ಬರುವ ಹೊತ್ತಿಗೆ ಅವನಿಗೆ ನಿದ್ದೆ ಬಂದಿರಬೇಕು. ಯಾಕೆಂದರೆ ಮುಂದಿನ ವಾಕ್ಯ ಹೀಗಿದೆ: ನುಗ್ಗಿದವನ ಮೇಲೆ ಎರಡನೆಯ ಡಿಫೆಂಡರ್ ಬಂದೊಡನೆ, ಅವನು ಬಿಟ್ಟು ಬಂದ ಹುಡುಗನಿಗೆ ಚೆಂಡು ಕೊಡು. ನುಗ್ಗುವುದೇ ಕೊಡುವುದಕ್ಕಾಗಿ! ಭಾವಮೈದ ಮಾಡುವುದು ಪೂರ್ವಾರ್ಧ ಮಾತ್ರ.

ಮೆಂಫಿಸ್‌ನ ಕಥೆ ಮುಗಿದದ್ದು ಹೇಗೆಂದು ಅವನಿಗೆ ನೆನಪಿಸಿದೆ. 2008ರ ಫೈನಲ್, ಸ್ಯಾನ್ ಆಂಟೋನಿಯೊ. ಡೆರಿಕ್ ರೋಸ್‌ನಂಥ ಆಟಗಾರ ಇದ್ದ ತಂಡ. ಎರಡು ನಿಮಿಷ ಚಿಲ್ಲರೆ ಉಳಿದಿದ್ದಾಗ ಕ್ಯಾನ್ಸಸ್ ವಿರುದ್ಧ ಒಂಬತ್ತು ಅಂಕ ಮುಂದೆ. ಆಮೇಲೆ ಫ್ರೀ ಥ್ರೋಗಳು ತಪ್ಪಿದವು. ಒಂಟಿಯಾಗಿ ನಿಂತು, ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಎಸೆತಗಳು! 2.1 ಸೆಕೆಂಡು ಉಳಿದಿರುವಾಗ ಮಾರಿಯೊ ಚಾಲ್ಮರ್ಸ್ ದೂರದಿಂದ ಮೂರು ಅಂಕದ್ದನ್ನು ಹಾಕಿ 63-63 ಮಾಡಿದ. ಹೆಚ್ಚುವರಿ ಆಟದಲ್ಲಿ ಕ್ಯಾನ್ಸಸ್ 75-68ಕ್ಕೆ ಗೆದ್ದಿತು. ಮೆಂಫಿಸ್‌ನ ಆ ಋತುವಿನ ಗೆಲುವುಗಳನ್ನೆಲ್ಲ ಎನ್‌ಸಿಎಎ ಆಮೇಲೆ ದಾಖಲೆಯಿಂದ ಅಳಿಸಿಯೂ ಹಾಕಿತು. ಭಾವಮೈದ ಫ್ರೀ ಥ್ರೋ ಎಸೆಯುವುದೂ ಅದೇ ಮೆಂಫಿಸ್ ಶೈಲಿಯಲ್ಲಿ. ಆ ಒಂದು ವಿಷಯದಲ್ಲಿ ಮಾತ್ರ ಅವನು ಪದ್ಧತಿಗೆ ಪೂರ್ತಿ ನಿಷ್ಠ.

ಅವನ ಮುಂದಿನ ಬಾಣ ಗ್ರಿನೆಲ್. ಅಯೋವಾ ರಾಜ್ಯದ ಗ್ರಿನೆಲ್ ಎಂಬ ಸಣ್ಣ ಕಾಲೇಜಿನಲ್ಲಿ ಜ್ಯಾಕ್ ಟೇಲರ್ ಎಂಬ ಹುಡುಗ 2012ರ ನವೆಂಬರಿನಲ್ಲಿ ಒಂದೇ ಪಂದ್ಯದಲ್ಲಿ 138 ಅಂಕ ಹೊಡೆದ. 108 ಸಲ ಎಸೆದ, ಅದರಲ್ಲಿ 71 ಮೂರಂಕದ ಗೆರೆಯ ಆಚೆಯಿಂದ. ‘ಇದಕ್ಕೇನಂತೀರಿ? ಇದೂ ಸಿಸ್ಟಮ್ಮೇ ತಾನೆ?’ ಹೌದಪ್ಪಾ, ಸಿಸ್ಟಮ್ಮೇ. ಕೋಚ್ ಡೇವಿಡ್ ಆರ್ಸೆನೊ ಕಟ್ಟಿದ್ದು. ಐದೈದು ಜನರ ಗುಂಪನ್ನು ಐಸ್ ಹಾಕಿಯವರ ಹಾಗೆ ಕ್ಷಣಕ್ಕೊಮ್ಮೆ ಬದಲಾಯಿಸುತ್ತಾ, ಅಂಗಳದ ಉದ್ದಕ್ಕೂ ಎದುರಾಳಿಯ ಮೇಲೆ ಬೀಳುತ್ತಾ, ಚೆಂಡು ಸಿಕ್ಕ ಕೆಲವೇ ಸೆಕೆಂಡಿನಲ್ಲಿ ಎಸೆಯುವ ಪದ್ಧತಿ. ಆದರೆ ಅಂದು ಆ ಹುಡುಗನಿಗೆ ಚೆಂಡು ತಂದು ತಂದು ಕೊಟ್ಟ ಉಳಿದವರಿದ್ದಾರಲ್ಲ, ತಾವು ಎಸೆಯದೆ ಅವನಿಗೆ ಸ್ಕ್ರೀನ್ ಹಾಕಿದವರು, ತಪ್ಪಿದ ಚೆಂಡನ್ನು ಹಾರಿ ಹಿಡಿದು ಮತ್ತೆ ಅವನಿಗೇ ಒಪ್ಪಿಸಿದವರು, ಅವರ ಶಿಸ್ತಿನ ಲೆಕ್ಕ ಯಾರೂ ಇಡಲಿಲ್ಲ. ಒಬ್ಬ ಸ್ವಾರ್ಥಿಯಾಗಿ ಆಡಲು ಎಷ್ಟು ಜನ ನಿಸ್ವಾರ್ಥಿಗಳಾಗಬೇಕು ಎಂಬುದು ಗ್ರಿನೆಲ್‌ನಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ನಮ್ಮ ಕೂಡುಕುಟುಂಬಗಳಲ್ಲಿ ಬಿಟ್ಟರೆ.

ಗೆಲ್ಲುತ್ತಿರುವಾಗ ಮಾತ್ರ ಭಾವಮೈದನ ವರಸೆ ಪೂರ್ತಿ ಬದಲು. ಒಂದು ನಿಮಿಷ ಉಳಿದಿದೆ, ನಾಲ್ಕು ಅಂಕ ಮುಂದೆ ಎಂದರೆ ಅಲ್ಲಿಯ ತನಕ ಇಲ್ಲದ ತಾಳ್ಮೆ ಉಕ್ಕಿ ಬರುತ್ತದೆ. ಚೆಂಡನ್ನು ಮೂಲೆಯಿಂದ ಮೂಲೆಗೆ ಹೊತ್ತುಕೊಂಡು ತಿರುಗುತ್ತಾನೆ. ಇದಕ್ಕೂ ಹಿರಿಯರ ಆಶೀರ್ವಾದವಿದೆ: ನಾರ್ತ್ ಕ್ಯಾರೊಲೈನಾದ ಕೋಚ್ ಡೀನ್ ಸ್ಮಿತ್ ಪ್ರಸಿದ್ಧಿಗೆ ತಂದ ಫೋರ್ ಕಾರ್ನರ್ಸ್. ನಾಲ್ಕು ಮೂಲೆಗೆ ನಾಲ್ವರು, ಮಧ್ಯೆ ಒಬ್ಬ, ಎಸೆಯದೆ ಹೊತ್ತು ಕಳೆಯುವುದೇ ತಂತ್ರ. ಆಗ ಕಾಲೇಜು ಆಟದಲ್ಲಿ ಶಾಟ್ ಕ್ಲಾಕ್, ಅಂದರೆ ಇಷ್ಟು ಹೊತ್ತಿನೊಳಗೆ ಎಸೆಯಲೇಬೇಕೆಂಬ ಗಡಿಯಾರ, ಇರಲಿಲ್ಲ. ಪ್ರೇಕ್ಷಕರು ಆಕಳಿಸಿ ಆಕಳಿಸಿ ಕೊನೆಗೆ 1985-86ರ ಋತುವಿನಿಂದ 45 ಸೆಕೆಂಡಿನ ಗಡುವು ಬಂತು. 1993ರಲ್ಲಿ ಅದು 35 ಆಯಿತು, 2015ರಲ್ಲಿ 30. ನಮ್ಮ ಬೇಸ್‌ಮೆಂಟಿನ ಡಿಸ್ಕಿನಲ್ಲಿ ಇನ್ನೂ 35ರ ಕಾಲವೇ ನಡೆಯುತ್ತಿದೆ. ಅದಕ್ಕೇ ಆ ಡಿಸ್ಕ್ ಕಂಡರೆ ಅವನಿಗೆ ಅಷ್ಟು ಪ್ರೀತಿ.

ಇಷ್ಟೆಲ್ಲ ನಗುವಿನ ನಡುವೆ ಆ ಆಟದೊಳಗಿನ ಒಂದು ವಿಚಿತ್ರ ನನಗೆ ಕಂಡಿದ್ದು ತಡವಾಗಿ. ಪದ್ಧತಿಗಳಿಗೆಲ್ಲ ಹೆಸರಿದೆ, ಆಡುವ ಹುಡುಗರಿಗೆ ಹೆಸರೇ ಇಲ್ಲ. ಬೆನ್ನ ಮೇಲೆ ನಂಬರ್ ಇದೆ. ಎತ್ತರ ಸರಿಯಾಗಿದೆ, ಮೈಬಣ್ಣ ಸರಿಯಾಗಿದೆ, ಎಡಗೈಯವನು ಎಡಗೈಯಲ್ಲೇ ಎಸೆಯುತ್ತಾನೆ. ಹೆಸರಿನ ಜಾಗದಲ್ಲಿ ಮಾತ್ರ ಆಡುವ ಸ್ಥಾನ ಮತ್ತು ಸಂಖ್ಯೆ. ಹೆಸರು ಹಾಕಿದರೆ ದುಡ್ಡು ಕೊಡಬೇಕಾಗುತ್ತಿತ್ತು. ಕೊಡುವುದಕ್ಕೆ ಎನ್‌ಸಿಎಎಯ ಆಗಿನ ನಿಯಮವೇ ಅಡ್ಡ, ವಿದ್ಯಾರ್ಥಿಗಳು ಹವ್ಯಾಸಿಗಳಾಗಿಯೇ ಇರಬೇಕಿತ್ತಂತೆ. ಆಟ ಕೊಂಡ ಅಭಿಮಾನಿಗಳು ರಾತ್ರಿಯೆಲ್ಲ ಕೂತು ಒಂದೊಂದೇ ಹೆಸರನ್ನು ಕೈಯಾರೆ ತುಂಬಿಕೊಳ್ಳುತ್ತಿದ್ದರು. ಭಾವಮೈದನ ಮಗನಂತೂ ಹೆಸರು ತುಂಬುವುದರಲ್ಲಿ ಕಳೆದಷ್ಟು ಹೊತ್ತನ್ನು ಆಡುವುದರಲ್ಲಿ ಕಳೆದಿಲ್ಲ. ಅಂಕ ಹೊಡೆಯುವುದನ್ನು ಅಪ್ಪನಿಗೆ ಬಿಟ್ಟು, ನಾಮಕರಣವನ್ನು ತಾನು ಇಟ್ಟುಕೊಂಡ.

ಓಬ್ಯಾನನ್ ಹೆಸರು ನೆನಪಿದೆಯಷ್ಟೆ? ಪ್ರಿನ್ಸ್‌ಟನ್‌ನ ಹುಡುಗ ಬೆನ್ನ ಹಿಂದಿನಿಂದ ಜಾರಿ ಹೋದನಲ್ಲ, ಆ ಚಾರ್ಲ್ಸ್‌ನ ಅಣ್ಣ ಎಡ್ ಓಬ್ಯಾನನ್. 1995ರಲ್ಲಿ ಯುಸಿಎಲ್‌ಎ ಚಾಂಪಿಯನ್ ಆದಾಗ ಫೈನಲ್‌ನಲ್ಲಿ 30 ಅಂಕ, 17 ರೀಬೌಂಡ್ ಮಾಡಿದವನು. ಎನ್‌ಬಿಎಯಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಲಾಸ್ ವೇಗಸ್ ಕಡೆ ಕಾರು ಮಾರುವ ಕೆಲಸಕ್ಕೆ ಸೇರಿದ. ಒಂದು ದಿನ ಗೆಳೆಯನ ಮನೆಯಲ್ಲಿ ಹುಡುಗನೊಬ್ಬ ಇಎಯ ಈ ಸರಣಿಯ ಆಟ ಆಡುತ್ತಿದ್ದ. ತೆರೆಯ ಮೇಲೆ ಹಳೆಯ ಯುಸಿಎಲ್‌ಎ ತಂಡ. ಬೋಳುತಲೆ, 31ನೇ ನಂಬರ್, ಎಡಗೈ ಎಸೆತ. ಹೆಸರಿಲ್ಲ. ಆದರೆ ತನ್ನ ಕೈಯ ಎಸೆತ ತನಗೆ ಗೊತ್ತಾಗದೇ? 2009ರಲ್ಲಿ ಕೋರ್ಟಿಗೆ ಹೋದ. ಇಎ ಮತ್ತು ಕಾಲೇಜುಗಳ ಲೈಸೆನ್ಸ್ ಕಂಪನಿ ಆಟಗಾರರ ಮೊಕದ್ದಮೆಗಳನ್ನು 4 ಕೋಟಿ ಡಾಲರಿಗೆ ಇತ್ಯರ್ಥ ಮಾಡಿಕೊಂಡವು. ಎನ್‌ಸಿಎಎ ಮಾತ್ರ ಹಟ ಹಿಡಿದು ವಿಚಾರಣೆಗೆ ನಿಂತು, 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಮುಂದೆ ಸೋತಿತು. ನೋಡಿದಿರಾ, ತಮ್ಮನ ಬೆನ್ನ ಹಿಂದೆ ನಡೆದ ಬ್ಯಾಕ್‌ಡೋರ್ ಕಟ್ಟನ್ನು ಅಣ್ಣ ಎನ್‌ಸಿಎಎಯ ಬೆನ್ನ ಹಿಂದೆ ಮಾಡಿ ತೋರಿಸಿದ. ಅದೂ ಪ್ರಿನ್ಸ್‌ಟನ್‌ನ ತಾಳ್ಮೆಯಲ್ಲಿ, ಐದು ವರ್ಷ ಚೆಂಡು ಕೈಬಿಡದೆ.

ಭಾವಮೈದನಿಗೆ ಈ ಕಥೆ ಹೇಳಿದರೆ ಅವನ ತೀರ್ಮಾನ: ‘ನೋಡಿ ಭಾವ, ಒಬ್ಬನೇ ಹೋರಾಡಿ ಗೆದ್ದ. ಸಿಸ್ಟಮ್ ನಂಬಿ ಕೂತಿದ್ದರೆ ಸಿಗ್ತಿತ್ತಾ?’ ಉತ್ತರ ಹೊಳೆಯದೆ ಒಂದು ಕೋಡುಬಳೆ ತೆಗೆದುಕೊಂಡೆ. ಆಮೇಲೆ ಹೊಳೆಯಿತು: ಅದು ಸಾವಿರಾರು ಹುಡುಗರ ಪರವಾಗಿ ಹೂಡಿದ ಮೊಕದ್ದಮೆ. ಬಂದ ದುಡ್ಡು ಅವರಿಗೆಲ್ಲ ಹಂಚಿಹೋಯಿತು. ಅದನ್ನು ಪಾಸ್ ಎನ್ನುತ್ತಾರಪ್ಪಾ, ಪಾಸ್!

ಕಾಲ ಈಗ ಬದಲಾಗಿದೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖಗಳಿಂದ ದುಡ್ಡು ಮಾಡಿಕೊಳ್ಳಬಹುದು. 2024ರಲ್ಲಿ ಇಎ ಕಾಲೇಜು ಫುಟ್‌ಬಾಲ್ ಆಟವನ್ನು ಮತ್ತೆ ತಂದಾಗ ಒಪ್ಪಿದ ಪ್ರತಿ ಹುಡುಗನಿಗೆ 600 ಡಾಲರ್ ಮತ್ತು ಆಟದ ಒಂದು ಪ್ರತಿ ಕೊಟ್ಟು, ನಿಜವಾದ ಹೆಸರನ್ನೇ ಹಾಕಿತು. ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟವೂ ಮರಳಿ ಬರಲಿದೆಯೆಂಬ ಸೂಚನೆಯನ್ನು ಅದೇ ಕಂಪನಿ 2025ರಲ್ಲಿ ಕೊಟ್ಟಿತು. ಭಾವಮೈದ ಈಗಿನಿಂದಲೇ ಹೊಸ ಪ್ಲೇಸ್ಟೇಷನ್ನಿಗೆ ಹೆಂಡತಿಯ ಮುಂದೆ ಪೀಠಿಕೆ ಹಾಕುತ್ತಿದ್ದಾನೆ. ಮಗನ ಓದಿಗೆ ಅನುಕೂಲವಂತೆ.

ಹಾಗಾಗಿ ಓದುಗರಲ್ಲಿ ನನ್ನದೊಂದು ಕೋರಿಕೆ. ಆ ಆಟ ನಿಮ್ಮ ಮನೆಗೂ ಬಂದರೆ ಒಂದೇ ಒಂದು ಪಂದ್ಯವನ್ನು ಪೂರ್ತಿ ಇಪ್ಪತ್ತು ನಿಮಿಷದ ಅರ್ಧಗಳಿಟ್ಟು, ಪ್ರಿನ್ಸ್‌ಟನ್ ತಂಡ ಆರಿಸಿಕೊಂಡು ಆಡಿ ನೋಡಿ. ನಾಲ್ಕು ಪಾಸ್ ಆಗುವವರೆಗೆ ಟರ್ಬೊ ಗುಂಡಿಯಿಂದ ಬೆರಳು ದೂರ ಇಡಿ. ಎದುರಾಳಿ ಒಂದು ಹೆಜ್ಜೆ ಮುಂದೆ ಬರುವುದನ್ನು ಕಾಯಿರಿ, ಬಂದಾಗ ಬೌನ್ಸ್ ಪಾಸ್ ಕೊಡಿ. ಸೋತರೂ ಪರವಾಗಿಲ್ಲ, ಬೈಯುವುದಕ್ಕೆ ನನ್ನ ಹೆಸರಿದೆ. ಮನೆಯಲ್ಲಿ ಭಾವಮೈದ ಇದ್ದರೆ ಮಾತ್ರ ಈ ಪ್ರಯೋಗವನ್ನು ಅವನು ಊರಿನಲ್ಲಿಲ್ಲದ ದಿನ ಇಟ್ಟುಕೊಳ್ಳಿ.